ಇನ್ನೂರ ಎಂಟರ ಕಲ್ಲು

ಅಳೆಯದ ನಂಬರನ್ನು ಬೋರ್ಡಿನ ಮೇಲೆ ಬರೆಯುವುದಿಲ್ಲ, ಅಳೆದು ಬರೆದ ನಂಬರನ್ನು ಯಾರು ಹೇಳಿದರೂ ಅಳಿಸುವುದಿಲ್ಲ ಎಂದು ಪುಟ್ಟಲಿಂಗಯ್ಯ ತನ್ನ ಗುರು ಅಂಕಯ್ಯನಿಗೆ ಮಾತು ಕೊಟ್ಟಿದ್ದು ಎಂಬತ್ತೆಂಟನೇ ಇಸವಿಯಲ್ಲಿ, ಕನಕಪುರದ ಒಂದು ರೈಸ್‌ಮಿಲ್ಲಿನ ಮೀಟರ್ ಕೋಣೆಯೊಳಗೆ. ಕೈಯ ಮೇಲೆ ಕೈ ಇಟ್ಟು ಕೊಟ್ಟ ಮಾತು. ಅಂಕಯ್ಯನ ಆ ಕೈಯಲ್ಲಿ ಮೂರೇ ಬೆರಳು. ಉಳಿದೆರಡನ್ನು, ಯಾವನೋ ಪುಣ್ಯಾತ್ಮ 'ಸಪ್ಲೈ ಇಲ್ಲ' ಎಂದು ಚೆಂದದ ಅಕ್ಷರದಲ್ಲಿ ಬರೆದಿಟ್ಟಿದ್ದ ಒಂದು ಬೋರ್ಡು ತಿಂದು ಹಾಕಿತ್ತು.

“ಅವ್ನು ಅಳೀಲಿಲ್ಲ ಕಣ್ಲಾ. ಅಂದಾಜಲ್ಲಿ ಬರ್ದ. ಅಂದಾಜು ಅವುಂದು, ಬೆರಳು ನಂದು” ಎಂದು ಅಂಕಯ್ಯ ಹೇಳುತ್ತಿದ್ದ. ಅವನು ತೀರಿಕೊಂಡು ಒಂಬತ್ತು ವರ್ಷವಾಯಿತು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ 'ಫ್ಯಾನ್' ಎಂದು ಬರೆದಿದ್ದ ಸ್ವಿಚ್ಚನ್ನು ಒತ್ತಿ, ಲೈಟು ಹತ್ತಿಕೊಂಡಿದ್ದಕ್ಕೆ ಒಂದು ಗಂಟೆ ನಕ್ಕನಂತೆ. ಅದಾದ ಮೇಲೆ ಅಲ್ಲಿನ ನರ್ಸಿಗೆ ಪೆನ್ನು ಕೊಟ್ಟು ಅದನ್ನು ತಿದ್ದಿಸಿಯೇ ಕಣ್ಣು ಮುಚ್ಚಿದ ಎಂದು ಅವನ ಮನೆಯವರು ಇವತ್ತಿಗೂ ಹೇಳುತ್ತಾರೆ.

ಗುರುವಿನ ಹುಚ್ಚು ಶಿಷ್ಯನಿಗೆ ಬಡ್ಡಿ ಸಮೇತ ಹತ್ತಿತ್ತು. ಹುಣಸೆಮರದ ದೊಡ್ಡಿ ಎಂಬ ಊರಿನಲ್ಲಿದ್ದ ಪುಟ್ಟಲಿಂಗಯ್ಯನ ಮನೆಯಲ್ಲಿ ನಂಬರಿಲ್ಲದ ಸಾಮಾನೇ ಇರಲಿಲ್ಲ. ನೀರಿನ ಡ್ರಮ್ಮಿನ ಮೇಲೆ '18 ಬಿಂದಿಗೆ' ಎಂದು ಎನಾಮೆಲ್ ಪೇಂಟಿನಲ್ಲಿ ಬರೆದಿತ್ತು. ರಾಗಿ ಡಬ್ಬಿಯ ಮೇಲೆ '14 ಸೇರು'. ಬಾಗಿಲಿನ ಮೇಲಿನ ಅಡ್ಡಪಟ್ಟಿಯಲ್ಲಿ 'ಎತ್ತರ 5 ಅಡಿ 7' ಎಂದು ಬರೆದಿದ್ದರೂ ಐದು ಅಡಿ ಒಂಬತ್ತು ಇಂಚಿನ ಅವನ ಭಾವಮೈದ ಹಬ್ಬಕ್ಕೆ ಬಂದಾಗಲೆಲ್ಲ ಹಣೆ ಬಡಿಸಿಕೊಳ್ಳುತ್ತಿದ್ದ. “ಬರ್ದಿಲ್ವಾ ಅಲ್ಲಿ?” ಎಂದು ಪುಟ್ಟಲಿಂಗಯ್ಯ ಕೇಳುತ್ತಿದ್ದ. ಹೆಂಡತಿ ವರಲಕ್ಷ್ಮಿ, “ನನ್ನ ಮೇಲೊಂದು ಬರ್ಯೋದು ಬಿಟ್ಟವ್ನೆ” ಎಂದು ನೆರೆಹೊರೆಯವರಿಗೆ ಹೇಳಿ ನಗುತ್ತಿದ್ದಳು.

ಎರಡು ಸಾವಿರದ ಆರನೇ ಇಸವಿಗೆ ಅವನು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಹಲ್ಲುಜ್ಜುವ ಬ್ರಷ್ಷಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ಆರು ವರ್ಷವಾಗಿತ್ತು. ಆರು ವರ್ಷವೂ ಕಂಟ್ರಾಕ್ಟ್. ಪರ್ಮನೆಂಟ್ ಮಾಡುವ ಆರ್ಡರು ಟೈಪಾಗಿ ಮ್ಯಾನೇಜರ್ ನಟರಾಜು ಅವರ ಮೇಜಿನ ಎರಡನೇ ಡ್ರಾಯರಿನಲ್ಲಿ ಇತ್ತು. ಅದಕ್ಕೆ ಬೇಕಾಗಿದ್ದು ಒಂದು ಸಹಿ. ಮಗಳು ಹೈಸ್ಕೂಲು ಮುಗಿಸುವಷ್ಟರಲ್ಲಿ ಆ ಸಹಿ ಬಿದ್ದರೆ ಸಾಕು ಎಂದು ವರಲಕ್ಷ್ಮಿ ಸಾವನದುರ್ಗದ ದೇವರಿಗೆ ಹರಕೆ ಹೊತ್ತಿದ್ದಳು.

ಆ ವರ್ಷ ಕಾರ್ಖಾನೆಗೆ ಅಮೆರಿಕದಿಂದ ಒಂದು ಸೆಕೆಂಡ್‌ಹ್ಯಾಂಡ್ ಮಿಷನ್ನು ಬಂತು. ಅಲ್ಲಿ ಯಾರೋ ಮುಚ್ಚಿದ ಕಾರ್ಖಾನೆಯದು. ಹಡಗಿನಲ್ಲಿ ಮದ್ರಾಸಿಗೆ, ಮದ್ರಾಸಿನಿಂದ ಲಾರಿಯಲ್ಲಿ ಹಾರೋಹಳ್ಳಿಗೆ ಬರುವಷ್ಟರಲ್ಲಿ ಅದರ ಪುಸ್ತಕ ಎಲ್ಲಿಯೋ ಬಿದ್ದುಹೋಗಿತ್ತು. ಮಿಷನ್ನಿನ ಜೊತೆಗೆ ಅದರದೇ ಟ್ರಾನ್ಸ್‌ಫಾರ್ಮರು, ಅದರದೇ ಪ್ಯಾನೆಲ್ಲು. ನಮ್ಮ ಕರೆಂಟನ್ನು ಆ ಟ್ರಾನ್ಸ್‌ಫಾರ್ಮರು ನುಂಗಿ, ಅಮೆರಿಕದ ಕರೆಂಟಾಗಿ ಮಾಡಿ ಪ್ಯಾನೆಲ್ಲಿಗೆ ಕೊಡಬೇಕು. ಪ್ಯಾನೆಲ್ಲಿನಲ್ಲಿ ಮೂರು ದಪ್ಪ ತಂತಿ, ಒಂದು ನ್ಯೂಟ್ರಲ್. ಎರಡು ತಂತಿ ಕಪ್ಪು. ನಡುವಿನದಕ್ಕೆ ಮಾತ್ರ ಯಾರೋ ಕಿತ್ತಳೆ ಬಣ್ಣದ ಟೇಪು ಸುತ್ತಿದ್ದರು. ಯಾಕೆ ಎಂದು ಹೇಳುವ ಪುಸ್ತಕ ಇರಲಿಲ್ಲ.

ಪುಟ್ಟಲಿಂಗಯ್ಯ ಮಗಳ ಹಳೆಯ ಸಾಕ್ಸಿನಲ್ಲಿ ಸುತ್ತಿಟ್ಟುಕೊಂಡಿದ್ದ ತನ್ನ ಮೀಟರನ್ನು ಹೊರಗೆ ತೆಗೆದ. ರಬ್ಬರ್ ಗ್ಲೌಸು ಹಾಕಿ, ಹಲಗೆಯ ಮೇಲೆ ನಿಂತು, ಮೊದಲು ತಂತಿಗೂ ತಂತಿಗೂ ನಡುವೆ ಅಳೆದ. ಒಂದನೆಯದಕ್ಕೂ ಎರಡನೆಯದಕ್ಕೂ ಇನ್ನೂರ ನಲವತ್ತು. ಎರಡಕ್ಕೂ ಮೂರಕ್ಕೂ ಇನ್ನೂರ ನಲವತ್ತು. ಮೂರಕ್ಕೂ ಒಂದಕ್ಕೂ ಅಷ್ಟೇ. ಸರಿಯಾಗಿದೆ ಎಂದುಕೊಂಡು, ಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್ಲಿಗೆ ಇಟ್ಟು ಇನ್ನೊಂದನ್ನು ಒಂದೊಂದೇ ತಂತಿಗೆ ಮುಟ್ಟಿಸಿದ. ಒಂದನೆಯದು ನೂರ ಇಪ್ಪತ್ತು. ಮೂರನೆಯದು ನೂರ ಇಪ್ಪತ್ತು. ನಡುವಿನ ಕಿತ್ತಳೆ ಇನ್ನೂರ ಎಂಟು.

ಹದಿನೆಂಟು ವರ್ಷದಲ್ಲಿ ಅವನು ಇಂಥದ್ದನ್ನು ಕಂಡಿರಲಿಲ್ಲ. ನಮ್ಮ ಕಡೆಯ ಯಾವ ಪ್ಯಾನೆಲ್ ತೆಗೆದರೂ ನ್ಯೂಟ್ರಲ್ಲಿಗೆ ಮೂರೂ ತಂತಿ ಹೆಚ್ಚೂಕಡಿಮೆ ಒಂದೇ ನಂಬರು ಹೇಳುತ್ತವೆ. ಮೀಟರಿನ ಬ್ಯಾಟರಿ ಬದಲಾಯಿಸಿದ. ಪಕ್ಕದ ಪೈಪಿನ ಕಾರ್ಖಾನೆಯಿಂದ ಇನ್ನೊಂದು ಮೀಟರು ತಂದು ಅಳೆದ. ಅದೂ ಅದನ್ನೇ ಹೇಳಿತು. ಅಲ್ಲಿಗೆ ಪುಟ್ಟಲಿಂಗಯ್ಯ ಬ್ರಷ್ಷು ತೆಗೆದು, ಪ್ಯಾನೆಲ್ಲಿನ ಬಾಗಿಲ ಒಳಗಡೆ '120', '208', '120' ಎಂದು ಮುತ್ತಿನಂತೆ ಬರೆದ. ನಡುವಿನದನ್ನು ಕಿತ್ತಳೆ ಪೇಂಟಿನಲ್ಲೇ ಬರೆದು, ಕೆಳಗೆ 'ಹುಷಾರು' ಎಂದು ಸೇರಿಸಿದ.

ಮ್ಯಾನೇಜರ್ ನಟರಾಜು ಬೆಂಗಳೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ, ಯಾವಾಗಲೂ ಅರ್ಧ ನಿದ್ದೆ ಬಾಕಿ ಇರುವ ಮನುಷ್ಯ. ಶನಿವಾರ ಅವರು ಬಾಗಿಲು ತೆಗೆದು ನೋಡಿ ಕನ್ನಡಕ ಒರೆಸಿಕೊಂಡರು.

“ಏನ್ ಪುಟ್ಟಲಿಂಗಯ್ಯ ಇದು? ಅಣ್ಣ ತಮ್ಮಂದಿರ ಪಾಲಿನ ಥರ ಒಬ್ಬನಿಗೆ ಜಾಸ್ತಿ ಕೊಟ್ಟಿದ್ದೀರ.”

“ನಾನು ಕೊಡ್ಲಿಲ್ಲ ಸಾರ್. ಮೀಟ್ರು ಕೊಡ್ತು.”

“ಗುರುವಾರ ಆಡಿಟ್ ಇದೆ ಕಣ್ರೀ. ಅವರ ಫಾರಮ್ಮಿನಲ್ಲಿ ಮೂರು ಕಾಲಮ್ ಇರುತ್ತೆ. ಮೂರರಲ್ಲೂ ಒಂದೇ ನಂಬರ್ ಇದ್ರೆ ಬ್ಯಾಲೆನ್ಸ್. ಇಲ್ಲದಿದ್ರೆ ಫಾಲ್ಟ್. ಫಾಲ್ಟ್ ಅಂದ್ರೆ ಮಿಷನ್ ನಿಲ್ಲಿಸಿ ಅಂತಾರೆ. ತಂತಿ ತಂತಿ ಮಧ್ಯೆ ಎಷ್ಟಿದೆ?”

“ಇನ್ನೂರ ನಲವತ್ತು. ಮೂರೂ ಸಮ.”

“ಮತ್ತೆ? ಅದನ್ನೇ ಬರೀರಿ. ಇನ್ನೂರ ನಲವತ್ತು, ಇನ್ನೂರ ನಲವತ್ತು, ಇನ್ನೂರ ನಲವತ್ತು. ಸುಳ್ಳೇನೂ ಅಲ್ಲವಲ್ಲ.”

“ನಾಳೆ ಇನ್ನೊಬ್ಬ ಬಂದು ಈ ಬೋರ್ಡು ನೋಡಿ, ಮೂರೂ ಒಂದೇ ಅಂದ್ಕೊಂಡು ಮಿಷನ್ನಿನ ನೂರಿಪ್ಪತ್ತರ ಲೈಟನ್ನ ತಂದು ಕಿತ್ತಳೇಗೆ ಸಿಗಿಸ್ತಾನೆ ಸಾರ್. ಲೈಟ್ ಜೊತೆ ಅವ್ನೂ ಹೋಗ್ತಾನೆ.”

“ಮೂರೂ ಒಬ್ಬರಿಂದೊಬ್ಬರಿಗೆ ಸಮ ದೂರದಲ್ಲಿದ್ದ ಮೇಲೆ, ನಡುವಿನ ನ್ಯೂಟ್ರಲ್ಲಿಗೆ ಒಬ್ಬ ಮಾತ್ರ ಹೇಗ್ರೀ ದೂರ ಆಗ್ತಾನೆ? ಅದನ್ನ ನನಗೆ ಅರ್ಥ ಆಗೋ ಹಾಗೆ ಹೇಳಿ, ಬಿಟ್ಟುಬಿಡ್ತೀನಿ. ಇಲ್ಲದಿದ್ರೆ ಬುಧವಾರದೊಳಗೆ ಅಳಿಸಿ.” ಇಷ್ಟು ಹೇಳಿ ತಮ್ಮ ಕೋಣೆಗೆ ಹೋದ ನಟರಾಜು, ಬೇಕೆಂದೋ ಅರಿಯದೆಯೋ, ಅವನಿಗೆ ಕಾಣುವಂತೆ ಮೇಜಿನ ಎರಡನೇ ಡ್ರಾಯರನ್ನು ತೆಗೆದು ಮತ್ತೆ ಮುಚ್ಚಿದರು.

ಪುಟ್ಟಲಿಂಗಯ್ಯನಿಗೂ ಅದು ಅರ್ಥವಾಗಿರಲಿಲ್ಲ. ನಿಜ ಎಂದು ಗೊತ್ತಿತ್ತು, ಯಾಕೆ ನಿಜ ಎಂದು ಗೊತ್ತಿರಲಿಲ್ಲ. ಶನಿವಾರ ರಾತ್ರಿ ಊಟದ ಹೊತ್ತಿಗೆ ಮುದ್ದೆಯನ್ನು ಮೂರು ಉಂಡೆ ಮಾಡಿ ತಟ್ಟೆಯಲ್ಲಿ ಆಚೀಚೆ ಸರಿಸುತ್ತ ಕೂತಿದ್ದ.

“ಮುದ್ದೆ ತಿನ್ನಕ್ಕೆ ಮಾಡಿರೋದು, ಆಟ ಆಡಕ್ಕಲ್ಲ” ಎಂದಳು ವರಲಕ್ಷ್ಮಿ. ಅವನು ವಿಷಯ ಹೇಳಿದ. ಅವಳು ಬಸ್ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಒಂದು ಗಳಿಗೆ ಯೋಚಿಸಿದಳು.

“ಇದ್ರಾಗೇನೈತೆ. ನಮ್ಮಕ್ಕನ್ನ ಕೊಟ್ಟ ಊರು, ನಮ್ಮ ತಂಗೀನ ಕೊಟ್ಟ ಊರು, ನನ್ನ ತಂದು ತಳ್ಳಿರೋ ಈ ಊರು. ಯಾವುದ್ರಿಂದ ಯಾವುದಕ್ಕೋದ್ರೂ ಬಸ್ ಚಾರ್ಜು ಒಂದೇಯ. ಹೌದಾ?”

“ಹೌದು.”

“ನಮ್ಮವ್ವನ ಮನೆ ಎಲ್ಲೈತೆ? ಅಕ್ಕನ ಊರಿಗೂ ತಂಗಿ ಊರಿಗೂ ಸರೀ ಮಧ್ಯದಲ್ಲೈತೆ. ಅವ್ರಿಬ್ರಿಗೂ ಹಬ್ಬದ ಹೋಳಿಗೆ ಬಿಸಿಬಿಸಿ ಸಿಕ್ತದೆ. ನನಗೆ ಬರೋವತ್ಗೆ ಚಪ್ಪಲಿ ಆಗಿರ್ತದೆ. ನಾವು ಮೂವರೂ ಸಮಾನೇ. ನಮ್ಮವ್ವಂಗೆ ನಾನು ದೂರ. ನಿಮ್ಮ ಕಿತ್ತಳೆ ತಂತಿ ನಾನೇ ಅಂದ್ಕಳಿ.”

ಪುಟ್ಟಲಿಂಗಯ್ಯ ತಟ್ಟೆಯನ್ನು ನೋಡಿದ. ಮೂರು ಉಂಡೆ. ಎರಡು ಉಂಡೆಗಳ ನಡುವೆ ಒಂದು ಹುರುಳಿಕಾಳು ಇಟ್ಟ. ನ್ಯೂಟ್ರಲ್ ಇರುವುದು ಮೂವರ ನಡುವೆ ಅಲ್ಲ, ಇಬ್ಬರ ನಡುವೆ. ಅಷ್ಟು ದಿನ ಅವನ ಮೀಟರು ಹೇಳಿದ್ದನ್ನು ಒಂದು ಹುರುಳಿಕಾಳು ಬಿಡಿಸಿ ಹೇಳಿತು. ಆದರೆ ಆ ದೂರ ಸರಿಯಾಗಿ ಇನ್ನೂರ ಎಂಟೇ ಆಗುತ್ತದೆಯೇ? ಹುರುಳಿಕಾಳು ಅಂದಾಜು. ಅಂದಾಜಿನಲ್ಲಿ ಬೆರಳು ಹೋಗುತ್ತದೆ.

ಭಾನುವಾರ ಬೆಳಗ್ಗೆ ವರಲಕ್ಷ್ಮಿ, ತಂಗಿಯ ಮಗುವಿಗೆ ಹೆಸರಿಡುವುದಿದೆ ಎಂದು ಮಗಳನ್ನು ಕರೆದುಕೊಂಡು ಮೂರು ದಿನಕ್ಕೆ ತವರಿಗೆ ಹೊರಟಳು. ಹೋಳಿಗೆಯ ವಿಚಾರವನ್ನು ಈ ಸಲ ತಾಯಿಯ ಮುಂದೆ ಎತ್ತಿಯೇ ತೀರುವ ಉಮೇದಿನಲ್ಲಿದ್ದಳು. ಪುಟ್ಟಲಿಂಗಯ್ಯ ಬಾವಿಯ ಹಗ್ಗಗಳನ್ನು ಹೆಗಲಿಗೆ ಹಾಕಿಕೊಂಡು, ಪೇಂಟಿನ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ಬಿಸಿಲಿಗೆ ಕಾರ್ಖಾನೆಯ ಹಳದಿ ಹೆಲ್ಮೆಟ್ಟು ಇಟ್ಟುಕೊಂಡು ಊರಾಚೆಗೆ ನಡೆದ. ಅವನ ಹೊಲ ಹಾವಿನ ಥರ ಉದ್ದುದ್ದ. ಚಪ್ಪಟೆಯಾಗಿ ಅಗಲವಾಗಿದ್ದುದು ದೊಡ್ಡಹನುಮಯ್ಯನ ಹೊಲ. ರಾಗಿ ಕುಯ್ದು ಖಾಲಿ ಬಿದ್ದಿತ್ತು. ದೊಡ್ಡಹನುಮಯ್ಯ ಕುರಿ ಮಾರಲು ಸಂತೆಗೆ ಹೋಗಿದ್ದ. ಕೇಳಲು ಅವನಿರಲಿಲ್ಲ, ಕೇಳದಿದ್ದರೆ ಏನು ಮಹಾ ಎಂದು ಪುಟ್ಟಲಿಂಗಯ್ಯನಿಗೂ ಅನ್ನಿಸಿತು.

ಹತ್ತು ವೋಲ್ಟಿಗೆ ಒಂದು ಮಾರು ಎಂದು ಲೆಕ್ಕ ಇಟ್ಟುಕೊಂಡ. ಇಪ್ಪತ್ತನಾಲ್ಕು ಮಾರು ದೂರದಲ್ಲಿ ಎರಡು ಕಲ್ಲು ನೆಟ್ಟ. ಎರಡು ಕಲ್ಲಿಗೂ ಇಪ್ಪತ್ತನಾಲ್ಕು ಮಾರಿನ ಒಂದೊಂದು ಹಗ್ಗ ಕಟ್ಟಿ, ಅವುಗಳ ತುದಿ ಎರಡೂ ಬಿಗಿಯಾಗಿ ಸೇರುವ ಕಡೆ ಮೂರನೇ ಕಲ್ಲು ನೆಟ್ಟ. ಮೊದಲ ಎರಡು ಕಲ್ಲಿನ ನಡುವೆ ಹನ್ನೆರಡು ಮಾರಿಗೆ ಒಂದು ಸಣ್ಣ ಕಲ್ಲು, ಅದು ನ್ಯೂಟ್ರಲ್, ಅಂದರೆ ಅತ್ತೆಯ ಮನೆ. ಕೊನೆಗೆ ಅತ್ತೆಯ ಮನೆಯಿಂದ ದೂರದ ಕಲ್ಲಿಗೆ ಹಗ್ಗ ಎಳೆದು, ಎರಡೂ ಕೈ ಅಗಲಕ್ಕೆ ಚಾಚಿ ಚಾಚಿ ಅಳೆದ. ಇಪ್ಪತ್ತು ಮಾರು, ಮೂರು ಮೊಳ, ಮೇಲೆ ಮೂರು ಬೆರಳು. ಮಾರಿಗೆ ನಾಲ್ಕು ಮೊಳ, ಮೊಳಕ್ಕೆ ಎರಡೂವರೆ ವೋಲ್ಟಾದರೆ ಮೂರು ಮೊಳಕ್ಕೆ ಏಳೂವರೆ. ಉಳಿದ ಚೂರುಪಾರು ಬೆರಳಿಗೆ. ಇನ್ನೂರ ಎಂಟು.

ಖಾಲಿ ಹೊಲದ ನಡುವೆ ನಿಂತು ಪುಟ್ಟಲಿಂಗಯ್ಯ ಒಬ್ಬನೇ ನಕ್ಕ. ಅಂಕಯ್ಯ ಇದ್ದಿದ್ದರೆ ಮೂರು ಬೆರಳು ಅಳೆಯಲು ತನ್ನ ಕೈಯನ್ನೇ ಕೊಡುತ್ತಿದ್ದ ಎಂದುಕೊಂಡ. ಅಳೆದ ಮೇಲೆ ಬರೆಯದೆ ಬಿಡುವ ಜಾಯಮಾನ ಅವನದಲ್ಲ. ಎರಡು ಕಲ್ಲಿನ ಮೇಲೆ ಕಪ್ಪಿನಲ್ಲಿ '120', ದೂರದ ಕಲ್ಲಿನ ಮೇಲೆ ಕಿತ್ತಳೆಯಲ್ಲಿ '208', ಸಣ್ಣ ಕಲ್ಲಿನ ಮೇಲೆ ಇಂಗ್ಲಿಷಿನ 'N' ಬರೆದು, ಹಗ್ಗ ಸುತ್ತಿಕೊಂಡು, ಖುಷಿಯಲ್ಲಿ ಕಿತ್ತಳೆ ಡಬ್ಬಿಯ ಮುಚ್ಚಳವನ್ನು ಅಲ್ಲೇ ಮರೆತು, ನೇರವಾಗಿ ಕಾರ್ಖಾನೆಗೆ ಹೋದ. ಆಡಿಟ್ಟಿನ ಗಡಿಬಿಡಿಯಲ್ಲಿ ಬುಧವಾರದವರೆಗೂ ಅವನಿಗೆ ಅಲ್ಲೇ ಡ್ಯೂಟಿ, ಅಲ್ಲೇ ನಿದ್ದೆ.

ಸೋಮವಾರ ಅವನು ಮ್ಯಾನೇಜರಿಗೆ ಹಗ್ಗದ ಕತೆ ಹೇಳಿದ. ನಟರಾಜು ಕೊನೆಯವರೆಗೂ ಕೇಳಿದರು.

“ಮಾರು, ಮೊಳ, ಹೋಳಿಗೆ. ಇದನ್ನ ಆಡಿಟರಿಗೆ ನಾನು ಇಂಗ್ಲಿಷಿನಲ್ಲಿ ಹೇಗೆ ಹೇಳ್ಲಿ?”

“ಹೊಲಕ್ಕೆ ಕರ್ಕೊಂಡೋಗಿ ತೋರ್ಸನ ಸಾರ್.”

“ನಿಮ್ಮ ಹೊಲಕ್ಕೆ ಹೋಗೋದು ಆಡಿಟ್ ಅಲ್ಲ, ಪಿಕ್‌ನಿಕ್.” ನಟರಾಜು ಎದ್ದು ಸ್ಟೋರಿನಿಂದ ಪೇಂಟು ಒರೆಸುವ ಒಂದು ತಿನ್ನರ್ ಡಬ್ಬಿ ತಂದು ಅವನ ಕೈಗಿಟ್ಟರು. “ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ನಾನು ನೋಡೋವಾಗ ಅಲ್ಲಿ ಮೂರು ಸಲ ಇನ್ನೂರ ನಲವತ್ತು ಇರಬೇಕು. ನಿಮ್ಮ ಆರ್ಡರಿಗೂ ಅವತ್ತೇ ಸಹಿ. ನಾನು ಕೆಟ್ಟವನಲ್ಲ ಪುಟ್ಟಲಿಂಗಯ್ಯ. ನನಗೂ ಮೇಲಿನವರಿದ್ದಾರೆ.”

ಇತ್ತ ಹುಣಸೆಮರದ ದೊಡ್ಡಿಯಲ್ಲಿ ಬೇರೆಯದೇ ನಡೆದಿತ್ತು. ಸಂತೆಯಿಂದ ಬಂದ ದೊಡ್ಡಹನುಮಯ್ಯ ತನ್ನ ಹೊಲದಲ್ಲಿ ನಂಬರು ಬರೆದ ನಾಲ್ಕು ಕಲ್ಲು ಕಂಡು ಅಲ್ಲೇ ಕುಕ್ಕರಿಸಿದ. ಆ ಕಡೆ ಕುರಿ ಮೇಯಿಸುತ್ತ ದೂರದಿಂದ ನೋಡಿದ್ದ ಪಕ್ಕದೂರಿನವರು, ಹಳದಿ ಹೆಲ್ಮೆಟ್ಟಿನವನೊಬ್ಬ ಹಗ್ಗ ಹಿಡಿದು ಅಳೆಯುತ್ತಿದ್ದ, ಅಳೆದು ಒಬ್ಬನೇ ನಗುತ್ತಿದ್ದ ಎಂದರು. ಆ ನಗುವೇ ಊರಿಗೆ ಹೆಚ್ಚು ಭಯ ಹುಟ್ಟಿಸಿತು. ಕೈಗಾರಿಕಾ ಪ್ರದೇಶ ಮೊದಲ ಸಲ ಬಂದಾಗಲೂ ಹೀಗೆಯೇ ಕಲ್ಲು ಬಂದಿದ್ದವು, ಆಮೇಲೆ ಕೈಗಾರಿಕಾ ಬೋರ್ಡಿನ ಜೀಪು ಬಂದಿತ್ತು, ಆಮೇಲೆ ಹೊಲ ಹೋಗಿತ್ತು. ಈಗ ಎರಡನೇ ಸುತ್ತು ಶುರುವಾಯಿತು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ನಂಬರಿನ ಅರ್ಥ ಬಿಡಿಸಿದವನು ಫೋನ್ ಬೂತಿನ ಬಾಲರಾಜು. ಪಿಯುಸಿಯನ್ನು ಎರಡು ಸಲ ಬರೆದವನಾದ್ದರಿಂದ ಅವನ ಮಾತಿಗೆ ಎರಡರಷ್ಟು ತೂಕ.

“ನೂರಿಪ್ಪತ್ತು ಅಂದ್ರೆ ನೂರಿಪ್ಪತ್ತಡಿ ರಸ್ತೆ ಕಣ್ರಪ್ಪ. ಎರಡು ಕಡೆ ಬರ್ದವ್ರೆ, ಅಂದ್ರೆ ಎರಡು ರಸ್ತೆ. ಇನ್ನೂರೆಂಟು ಅಂದ್ರೆ ಎಕರೆ. ಕಿತ್ತಳೇಲಿ ಬರ್ದವ್ರೆ, ಅಂದ್ರೆ ಅರ್ಜೆಂಟು. ಎನ್ ಅಂದ್ರೆ ನೋಟಿಸು.”

“ನಮ್ಮೂರಲ್ಲಿ ಇನ್ನೂರೆಂಟು ಎಕರೆ ಎಲ್ಲೈತ್ಲಾ?” ಎಂದು ಯಾರೋ ಕೇಳಿದರು.

“ಅದಕ್ಕೇ ಭಯ ಆಗ್ಬೇಕಾಗಿರೋದು” ಎಂದ ಬಾಲರಾಜು.

ಸೋಮವಾರ, ಮಂಗಳವಾರ ಊರಿನಲ್ಲಿ ಆದಷ್ಟು ಕೆಲಸ ಹತ್ತು ವರ್ಷದಲ್ಲಿ ಆಗಿರಲಿಲ್ಲ. ಪೈರು, ಮರ, ಕಟ್ಟಡ ಇದ್ದ ಜಾಗಕ್ಕೆ ಹೆಚ್ಚು ಪರಿಹಾರ ಎಂದು ಹಿಂದಿನ ಸಲ ಕಲಿತಿದ್ದರು. ದೊಡ್ಡಹನುಮಯ್ಯ ನಲವತ್ತು ತೆಂಗಿನ ಸಸಿ ನೆಟ್ಟ. ಸಸಿ ಸಾಲದೆ ಬಂದಾಗ ತೆಂಗಿನಗರಿಗಳನ್ನೇ ನೆಲಕ್ಕೆ ಚುಚ್ಚಿದ. ಪಕ್ಕದ ಹೊಲದವನು ಕುರಿ ಇಲ್ಲದಿದ್ದರೂ ಕುರಿದೊಡ್ಡಿ ಕಟ್ಟಿದ. ಒಬ್ಬ ತನ್ನ ತಾತನ ಸಮಾಧಿಯ ಕಲ್ಲನ್ನು ಊರ ಪಕ್ಕದಿಂದ ಹೊಲದ ನಡುವಿಗೆ ಹೊತ್ತು ತಂದ. ದೊಡ್ಡಹನುಮಯ್ಯನ ತಾಯಿ ದೊಡ್ಡಲಕ್ಷ್ಮಮ್ಮ ಮಾತ್ರ ಈ ಸಡಗರವನ್ನು ಜಗುಲಿಯಿಂದ ನೋಡಿ, “ಸತ್ತೋನ್ನೂ ಸುಮ್ನಿರಕ್ಕೆ ಬಿಡಲ್ವಲ್ಲ ನೀವು” ಎಂದಳು. ಎಂಬತ್ತರ ಹತ್ತಿರದ ಮುದುಕಿ. ಕಣ್ಣು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹೊಲದಲ್ಲಿ ಬಿದ್ದಿದ್ದ ಕಿತ್ತಳೆ ಡಬ್ಬಿಯ ಮುಚ್ಚಳವನ್ನು ಹೆಕ್ಕಿ ತಂದವಳೂ ಅವಳೇ. ಮುಚ್ಚಳದ ಮೇಲೆ ಬ್ರಷ್ ಕಾರ್ಖಾನೆಯ ಸ್ಟೋರಿನ ಚೀಟಿ ಅಂಟಿತ್ತು.

ಬುಧವಾರ ಬೆಳಗ್ಗೆ ಹತ್ತೂವರೆಗೆ ಒಂದು ಟ್ರ್ಯಾಕ್ಟರು, ಟ್ರೇಲರಿನಲ್ಲಿ ಮೂವತ್ತು ಜನ, ಕಾರ್ಖಾನೆಯ ಗೇಟಿಗೆ ಬಂದು ನಿಂತಿತು. ತವರಿನಿಂದ ಅದೇ ಬೆಳಗ್ಗೆ ಬಸ್ಸಿಳಿದ ವರಲಕ್ಷ್ಮಿಯೂ ಏನೆಂದು ತಿಳಿಯದೆ ಅದರಲ್ಲಿ ಹತ್ತಿದ್ದಳು. ಮಗಳನ್ನು ದಾರಿಯಲ್ಲಿ ಸ್ಕೂಲಿಗೆ ಇಳಿಸಿ, ಚೀಲದಲ್ಲಿ ಹೋಳಿಗೆ ಇಟ್ಟುಕೊಂಡೇ ಬಂದಿದ್ದಳು.

ಆ ಹೊತ್ತಿಗೆ ಪುಟ್ಟಲಿಂಗಯ್ಯ ಪ್ಯಾನೆಲ್ಲಿನ ಮುಂದೆ ತಿನ್ನರ್ ಡಬ್ಬಿ, ಬಟ್ಟೆ ಹಿಡಿದು ನಿಂತು ಒಂದು ಗಂಟೆಯಾಗಿತ್ತು. ಬಟ್ಟೆ ಒದ್ದೆ ಮಾಡುವುದು, ಅದು ಒಣಗುವುದು, ಮತ್ತೆ ಒದ್ದೆ ಮಾಡುವುದು. ತಿನ್ನರಿನ ವಾಸನೆಗೆ ತಲೆ ಹಗುರವಾಗಿ, ಒಂದು ಸಲ ಅಂಕಯ್ಯ ಪಕ್ಕದಲ್ಲೇ ಕೆಮ್ಮಿದ ಹಾಗೂ ಕೇಳಿಸಿತು. ವಾಚ್‌ಮನ್ ಓಡಿ ಬಂದು ಗೇಟಿನ ಸುದ್ದಿ ಹೇಳಿದಾಗ ಬಟ್ಟೆಯನ್ನು ಜೇಬಿಗೆ ತುರುಕಿ ಹೊರಗೆ ಬಂದ. ಗೇಟಿನಲ್ಲಿ ನಟರಾಜು ಅವರ ಮೂಗಿನ ಮುಂದೆ ದೊಡ್ಡಹನುಮಯ್ಯ ಮುಚ್ಚಳ ಆಡಿಸುತ್ತಿದ್ದ.

“ನಮ್ಮ ಹೊಲ ಅಳೆಯಕ್ಕೆ ಯಾರ್ ಸ್ವಾಮಿ ಹೇಳಿದ್ದು? ಬೋರ್ಡಿನೋರು ನಿಮ್ಮ ಕೈಲಿ ಕದ್ದುಮುಚ್ಚಿ ಕಲ್ಲು ನೆಡಿಸ್ತಾವ್ರಾ?”

“ನಾನ್ ಅಳ್ದಿದ್ದು ಹನುಮಯ್ಯಣ್ಣ” ಎಂದ ಪುಟ್ಟಲಿಂಗಯ್ಯ.

ಮೂವತ್ತು ಜನ ಅವನ ಕಡೆ ತಿರುಗಿದರು.

“ನೀನೇನ್ಲಾ? ನಮ್ಮೂರ ಅನ್ನ ತಿಂದು, ನಮ್ಮ ಹೊಲಕ್ಕೇ ಕಲ್ಲು ನೆಟ್ಟೇನ್ಲಾ?”

“ಹೊಲ ಅಳೀಲಿಲ್ಲ. ಕರೆಂಟ್ ಅಳ್ದೆ.”

“ಹಗ್ಗದಾಗೆ?” ಎಂದ ದೊಡ್ಡಹನುಮಯ್ಯ. “ನಮ್ಮ ಪಂಪ್‌ಸೆಟ್ಟಿಗೆ ಬರೋ ಕರೆಂಟಿಗೆ ಹಗ್ಗ ಬ್ಯಾಡ ಕಣಪ್ಪ, ಗೇಣು ಸಾಕು. ಕರೆಂಟ್ ಅಳ್ಯೋನು ಕಾರ್ಖಾನೆ ಒಳಗೆ ಅಳೀಬೇಕು. ನನ್ನ ಆ ಹೊಲದಲ್ಲಿ ಕಂಬಾನೇ ಇಲ್ವಲ್ಲ.”

ಪುಟ್ಟಲಿಂಗಯ್ಯ ಹೇಳಿದ. ತಂತಿ, ಕಲ್ಲು, ಮಾರು, ಮೊಳ ಎಲ್ಲವನ್ನೂ ಹೇಳಿದ. ಅವನು ಹೇಳಿದಷ್ಟೂ ಜನರ ಮುಖ ಇನ್ನಷ್ಟು ಬಿಗಿಯಾಯಿತು. ನಿಜ ಇಷ್ಟು ಸುತ್ತಿ ಬರುವುದಿಲ್ಲ ಎಂಬುದು ಅವರ ಅನುಭವ. ಕೊನೆಗೆ ಟ್ರೇಲರಿನಲ್ಲೇ ಕೂತಿದ್ದ ದೊಡ್ಡಲಕ್ಷ್ಮಮ್ಮ ಕೈ ಎತ್ತಿದಳು.

“ಸುಮ್ಕಿರ್ರಪ್ಪ. ಅವ್ನು ಏನಂತಾನೆ? ಒಳಗಿನ ಪೆಟ್ಟಿಗೇಲಿರೋ ನಂಬರು, ನಮ್ಮ ಕಲ್ಲಿನ ಮೇಲಿರೋ ನಂಬರು ಒಂದೇ ಅಂತಾನೆ. ನೋಡನ. ಪೆಟ್ಟಿಗೇಲೂ ಅದೇ ಇದ್ರೆ ಅದು ಕರೆಂಟಿನ ಲೆಕ್ಕ. ಬೇರೆ ಇದ್ರೆ ಅದು ನಮ್ಮ ಹೊಲದ ಲೆಕ್ಕ. ಅವಾಗ ಈ ಗೇಟು ಇವತ್ತು ತೆಗಿಯಲ್ಲ, ನಾಳೀಕೂ ತೆಗಿಯಲ್ಲ.”

ನಾಳೆ ಗುರುವಾರ, ಆಡಿಟ್ಟಿನ ದಿನ. ನಟರಾಜು ಅವರ ಮುಖ ಸುಣ್ಣವಾಯಿತು. ಐದು ಜನ ಒಳಗೆ ಬರಲಿ ಎಂದು ಒಪ್ಪಿ, ದಾರಿಯಲ್ಲಿ ಪುಟ್ಟಲಿಂಗಯ್ಯನ ತೋಳು ಹಿಡಿದು ಪಿಸುಗುಟ್ಟಿದರು.

“ಅಳಿಸಿಬಿಟ್ರಾ?”

“ನೀವೇ ತಿನ್ನರ್ ಕೊಟ್ರಲ್ಲ ಸಾರ್.”

“ಅದಲ್ರೀ ನಾನು ಕೇಳಿದ್ದು. ಅಳಿಸಿದ್ರಾ ಇಲ್ವಾ?”

“ಹನ್ನೆರಡು ಗಂಟೆಗೆ ಅಂದಿದ್ರಿ. ಇನ್ನೂ ಹನ್ನೊಂದು.”

ನಟರಾಜು ಅವರ ಬಾಯಿಂದ ಎಲ್ಲ ದೇವರ ಹೆಸರೂ ಒಟ್ಟಿಗೆ ಹೊರಟವು. ಪ್ಯಾನೆಲ್ಲಿನ ಬಾಗಿಲನ್ನು ಅವರೇ ತೆಗೆದರು. ಒಳಗಡೆ ಮುತ್ತಿನಂಥ ಅಕ್ಷರದಲ್ಲಿ 120, 208, 120. ನಡುವಿನದು ಕಿತ್ತಳೆ.

ಬಾಲರಾಜು ಹತ್ತಿರ ಬಂದು ಒಂದೊಂದೇ ಅಂಕಿ ಓದಿದ. “ಅವೇ ನಂಬರು. ಆದ್ರೆ ಬರ್ದಿರೋದನ್ನ ಯಾರಾದ್ರೂ ಬರೀಬೋದು.”

ಅದೊಂದು ಮಾತಿಗೆ ಪುಟ್ಟಲಿಂಗಯ್ಯನಿಗೆ ಅವನನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು. ಎಲ್ಲರನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ನಿಲ್ಲಿಸಿ, ಗ್ಲೌಸು ಹಾಕಿ, ಹಲಗೆಯ ಮೇಲೆ ನಿಂತು, ಸಾಕ್ಸಿನಿಂದ ಮೀಟರು ತೆಗೆದ. ಮೀಟರಿನ ಮುಖವನ್ನು ಅವರ ಕಡೆಗೇ ತಿರುಗಿಸಿ ಇಟ್ಟ. ನ್ಯೂಟ್ರಲ್ಲಿಗೂ ಒಂದನೇ ತಂತಿಗೂ ಕಡ್ಡಿ ಮುಟ್ಟಿಸಿದ.

“ನೂರ ಹತ್ತೊಂಬತ್ತು” ಎಂದು ಬಾಲರಾಜು ಓದಿದ. “ಕಲ್ಲಲ್ಲಿ ನೂರಿಪ್ಪತ್ತೈತೆ. ಒಂದು ಎಲ್ಲೋಯ್ತು?”

“ಒಂದು ಆಚೆ ಈಚೆ ಆಗ್ತದೆ. ಅದೂ ಉಸಿರಾಡ್ತದಲ್ಲ.”

“ನಮ್ಮ ಮೋಟ್ರಲ್ಲಿ ನೂರು ಆಚೆ ಈಚೆ ಆಯ್ತದೆ” ಎಂದ ದೊಡ್ಡಹನುಮಯ್ಯ. “ಒಂದಕ್ಕೆ ಅದ್ಯಾಕ್ಲಾ ಜಗಳ ಆಡೀಯೆ. ಮುಂದಕ್ಕೆ ಓದು.”

ಮೂರನೇ ತಂತಿಯೂ ನೂರ ಹತ್ತೊಂಬತ್ತು. ಕಿತ್ತಳೆಗೆ ಮುಟ್ಟಿಸಿದಾಗ ಅಂಕಿಗಳು ಓಡಿ, ತಡೆದು, ಇನ್ನೂರ ಏಳರಲ್ಲಿ ನಿಂತು, ಯಾರೋ ಹೇಳಿಕೊಟ್ಟ ಹಾಗೆ ಇನ್ನೂರ ಎಂಟಕ್ಕೆ ಹತ್ತಿದವು.

“ಇದೊಂದಕ್ಕೆ ಮಾತ್ರ ಯಾಕೆ ಜಾಸ್ತಿ?” ಎಂದು ದೊಡ್ಡಲಕ್ಷ್ಮಮ್ಮ ಕೇಳಿದಳು.

ಪುಟ್ಟಲಿಂಗಯ್ಯ ಬಾಯಿ ತೆರೆಯುವ ಮೊದಲೇ ವರಲಕ್ಷ್ಮಿ ಮುಂದೆ ಬಂದಳು. ಅಕ್ಕನ ಊರು, ತಂಗಿಯ ಊರು, ನ್ಯೂಟ್ರಲ್ಲಿನ ಜಾಗದಲ್ಲಿ ಅವ್ವನ ಮನೆ, ತಣ್ಣಗಾದ ಹೋಳಿಗೆ. ಅರ್ಧ ಹೇಳುವಷ್ಟರಲ್ಲೇ ಮುದುಕಿ ತಲೆಯಾಡಿಸಿದಳು.

“ಗೊತ್ತಾಯ್ತು ಬಿಡವ್ವ. ನನ್ನನ್ನೂ ಮಾಗಡಿ ಕಡೆಯಿಂದ ಇಲ್ಲಿಗೆ ತಂದೋರೆ. ನಾನೂ ಕಿತ್ತಳೇನೇ. ಅದಕ್ಕೇ ಅದು ಹಂಗೆ ಉರೀತದೆ.” ಆಮೇಲೆ ನಟರಾಜು ಅವರ ಕಡೆ ತಿರುಗಿದಳು. “ಸ್ವಾಮಿ, ಈ ನಂಬರು ಹಿಂಗೇ ಇರ್ಲಿ. ಆಗಾಗ ಯಾರನ್ನಾದ್ರೂ ಕಳಿಸ್ತೀನಿ, ನೋಡ್ಕಂಡು ಬತ್ತಾರೆ. ಬದಲಾಗಿದ್ರೆ ಟ್ರ್ಯಾಕ್ಟ್ರು ಬತ್ತದೆ.”

“ಇರುತ್ತೆ ತಾಯಿ” ಎಂದರು ನಟರಾಜು. ಅರ್ಥವಾಗಿತ್ತೋ, ಹೆದರಿಕೆಯೋ, ಹೋಳಿಗೆಯ ಕತೆಯನ್ನು ಇಂಗ್ಲಿಷಿಗೆ ಹಾಕುವುದು ಅಷ್ಟೇನೂ ಕಷ್ಟವಲ್ಲ ಎನ್ನಿಸಿತೋ, ಅವರು ಒಳಗೆ ಹೋಗಿ ಎರಡನೇ ಡ್ರಾಯರು ತೆಗೆದು ಸಹಿ ಹಾಕಿದರು. ಮಾರನೆ ದಿನ ಬಂದ ಆಡಿಟರ್ ಹೆಂಗಸು ಕಿತ್ತಳೆ ನಂಬರು ನೋಡಿ, ಗುರುತು ಹಾಕಿದ್ದೀರಲ್ಲ ಒಳ್ಳೇದು ಎಂದು ಒಂದು ಟಿಕ್ ಹಾಕಿ, ಕ್ಯಾಂಟೀನ್ ಎಲ್ಲಿದೆ ಎಂದು ಕೇಳಿದರು. ನಟರಾಜು ತಯಾರು ಮಾಡಿಕೊಂಡಿದ್ದ ಇಂಗ್ಲಿಷು ಹಾಗೆಯೇ ಉಳಿಯಿತು.

ಆದರೆ ಅದು ಗುರುವಾರದ ಮಾತು. ಬುಧವಾರ ಟ್ರ್ಯಾಕ್ಟರು ಹತ್ತುವ ಮುಂಚೆ ದೊಡ್ಡಹನುಮಯ್ಯ ಪುಟ್ಟಲಿಂಗಯ್ಯನ ಹೆಗಲ ಮೇಲೆ ಕೈ ಹಾಕಿದ.

“ನಾವು ನಂಬಿದ್ವಿ ಕಣ್ಲಾ. ನಿನ್ನ ಮೇಲೆ ಸಿಟ್ಟಿಲ್ಲ. ಆದ್ರೆ ನಾಳೆ ನಿಜವಾದ ಬೋರ್ಡಿನೋರು ಜೀಪಲ್ಲಿ ಬಂದು, ಇಲ್ಲಿ ಆಗ್ಲೇ ಅಳ್ದೈತೆ, ಇಲ್ಲಿಂದಾನೇ ಶುರು ಮಾಡನ ಅಂದ್ರೆ? ಅವ್ರಿಗೆ ಹೋಳಿಗೆ ಕತೆ ಯಾರ್ ಹೇಳ್ತಾರೆ? ಒಸಿ ಆ ಕಲ್ಲು ಒರೆಸ್ಬುಡು. ಹೊತ್ತು ಮುಳುಗೋದ್ರೊಳಗೆ.”

“ಕಿತ್ತು ಬಿಸಾಕಿದ್ರೆ ಆಗಲ್ವಾ ಅಣ್ಣ? ನಂಬರು ಹಂಗೇ ಇರ್ಲಿ.”

“ಕಿತ್ತ ಸರ್ವೆ ಕಲ್ಲು ಸಿಕ್ರೆ ಕೇಸ್ ಹಾಕ್ತಾರಂತೆ, ಬಾಲರಾಜು ಹೇಳ್ತಾನೆ. ಒರೆಸ್ಬುಡು.”

ಸಂಜೆ ಐದೂವರೆಗೆ ಪುಟ್ಟಲಿಂಗಯ್ಯ ಆರ್ಡರನ್ನು ಅಂಗಿಯ ಜೇಬಿನಲ್ಲಿ ಮಡಿಸಿಟ್ಟುಕೊಂಡು, ಮ್ಯಾನೇಜರು ಕೊಟ್ಟಿದ್ದ ಅದೇ ತಿನ್ನರ್ ಡಬ್ಬಿ ಹಿಡಿದು ಹೊಲಕ್ಕೆ ಬಂದ. ನೆಲಕ್ಕೆ ಚುಚ್ಚಿದ್ದ ತೆಂಗಿನಗರಿಗಳು ಒಣಗತೊಡಗಿದ್ದವು. ಬದುವಿನ ಮೇಲೆ ಕೂತು ವರಲಕ್ಷ್ಮಿ ತವರಿನ ಹೋಳಿಗೆ ತಿನ್ನುತ್ತಿದ್ದಳು.

“ಈ ಸಲ ಅವ್ವ ಬಿಸೀಗೇ ಹಾಕಿ ಕೊಟ್ಲು, ದಾರೀಲಿ ಆರೋಯ್ತು” ಎಂದಳು.

ಅವನು ಮೊದಲು ಎರಡು ನೂರಿಪ್ಪತ್ತನ್ನು ಒರೆಸಿದ. ಆಮೇಲೆ 'N'. ಕಿತ್ತಳೆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕೂತ. ಇಪ್ಪತ್ತು ಮಾರು, ಮೂರು ಮೊಳ, ಮೂರು ಬೆರಳು. ಅಳೆದದ್ದು ಅವನೇ, ಬರೆದದ್ದು ಅವನೇ, ತಪ್ಪಿರಲಿಲ್ಲ. ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಮೂರು ಸಲ ಉಜ್ಜಿದ. ಬರೀ ಕಲ್ಲು ಉಳಿಯಿತು.

ಅಂಕಯ್ಯನಿಗೆ ಕೊಟ್ಟ ಮಾತನ್ನು ಪುಟ್ಟಲಿಂಗಯ್ಯ ಹದಿನೆಂಟು ವರ್ಷ ನಡೆಸಿಕೊಂಡು ಬಂದಿದ್ದ. ಆ ಬುಧವಾರ ಸಂಜೆ ಮುರಿದ.